ನಾಲ್ಕನೆಯ ಸಹಿ

ಸವಣೂರಿನ ವಕೀಲ ಪ್ರಹ್ಲಾದರಾಯರ ಹೆಸರು ಹನ್ನೆರಡು ವರ್ಷ ಅಚ್ಚಿನಲ್ಲಿ ಬಂತು. ಅದನ್ನು ಓದಿದವರು ಮಾತ್ರ ಕಡಿಮೆ. ನಮ್ಮ ‘ನ್ಯಾಯ ಕಂದೀಲು’ ತ್ರೈಮಾಸಿಕದ ಪ್ರತಿ ಲೇಖನದ ಅಡಿಯಲ್ಲಿ, ಗುಳಿಗೆ ಪಾಕೀಟಿನ ಮೇಲಿರುವಂಥ ಸಣ್ಣ ಅಕ್ಷರದಲ್ಲಿ ‘ಪರಿಶೀಲನೆ: ಪ್ರಹ್ಲಾದ, ಸವಣೂರು’ ಎಂದು ಇರುತ್ತಿತ್ತು. ಅಷ್ಟು ಸಣ್ಣದಾಗಿ ಹಾಕಿಸಿದವನು ನಾನೇ. ನನ್ನ ಹೆಸರಿಗೆ ಜಾಗ ಸಾಲಬೇಕಲ್ಲ.

ಕಂದೀಲು ಹುಟ್ಟಿದ್ದು ಎರಡು ಸಾವಿರದ ಹನ್ನೊಂದರಲ್ಲಿ, ಶಿಗ್ಗಾವಿಯ ನನ್ನ ಆಫೀಸಿನ ಮಾಳಿಗೆಯ ಮೇಲೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ವಕೀಲರಿಗೆ ಕನ್ನಡದಲ್ಲಿ ಒಂದು ಕಾನೂನು ಪತ್ರಿಕೆ ಬೇಕೇ ಬೇಕು ಎಂದು ನನಗೆ ಅನಿಸಿತು. ವಕೀಲರಿಗೆ ಹಾಗೇನೂ ಅನಿಸಿರಲಿಲ್ಲ. ತಾಲೂಕಿಗೆ ಒಬ್ಬರಂತೆ ನಾಲ್ವರು ಸೇರಿ ಸಂಪಾದಕ ಮಂಡಳಿಯಾದೆವು. ಸಂಬಳವಿಲ್ಲದ ಕೆಲಸ, ಆದ್ದರಿಂದ ಹುದ್ದೆಗಳನ್ನಾದರೂ ದೊಡ್ಡದಾಗಿ ಇಟ್ಟುಕೊಂಡೆವು. ನಾನು ಪ್ರಧಾನ ಸಂಪಾದಕ. ಹಾನಗಲ್ಲಿನ ಕರೀಮಸಾಬ ವಕೀಲರು ಗೌರವ ಸಂಪಾದಕರು. ಹಿರೇಕೆರೂರಿನ ಹಿರಿಯರೊಬ್ಬರು ಮುಖ್ಯ ಸಲಹೆಗಾರರು. ಅವರು ಎಂಟು ವರ್ಷ ಒಂದೂ ಸಲಹೆ ಕೊಡದೆ ತೀರಿಕೊಂಡರು, ಅವರ ಕುರ್ಚಿಗೆ ಅವರ ಜೂನಿಯರ್ ಶ್ವೇತಾ ಬಂದಳು. ನಿಮಗೆ ಯಾವ ಹುದ್ದೆ ಬೇಕೆಂದು ಪ್ರಹ್ಲಾದರಾಯರನ್ನು ಕೇಳಿದಾಗ ಅವರು, ಕೆಲಸ ಯಾವುದು ಉಳಿದದ ಅಂತ ಕೇಳಿದ್ದರು.

ಉಳಿದದ್ದು ಓದುವ ಕೆಲಸ. ಬರೆಯುವವರಿಗೆ ನಮ್ಮಲ್ಲಿ ಬರವಿರಲಿಲ್ಲ. ಹಿಂದಿನ ತೀರ್ಪೊಂದನ್ನು ಯಾರಾದರೂ ಲೇಖನದಲ್ಲಿ ಎತ್ತಿ ಹಾಕಿದರೆ, ಆ ತೀರ್ಪು ಇದೆಯೇ, ಇದ್ದರೆ ಹಾಗೇ ಹೇಳಿದೆಯೇ, ಹೇಳಿದ್ದರೆ ಆಮೇಲೆ ಅದನ್ನು ಮೇಲಿನ ಕೋರ್ಟು ತಳ್ಳಿಹಾಕಿದೆಯೇ ಎಂದು ನೋಡುವವರು ಬೇಕಿತ್ತು. ರಾಯರು ಒಂದೊಂದಕ್ಕೂ ಬಸ್ಸು ಹತ್ತಿ ಹಾವೇರಿಗೆ ಹೋಗಿ, ಲೈಬ್ರರಿಯಲ್ಲಿ ಆ ಸಂಪುಟ ತೆಗೆಸಿ, ತೀರ್ಪನ್ನು ತಲೆಯಿಂದ ಬಾಲದವರೆಗೆ ಓದುತ್ತಿದ್ದರು. ಆಮೇಲೆ ಕಂಪ್ಯೂಟರು ಬಂತು. ಆದರೂ ಸಂಪುಟ ನೋಡುವುದನ್ನು ಬಿಡಲಿಲ್ಲ. ಸರಿಯಿದ್ದರೆ ಅಂಚಿನಲ್ಲಿ ಪೆನ್ಸಿಲಿನಿಂದ ‘ನೋಡಿದೆ’ ಎಂದು ಬರೆಯುತ್ತಿದ್ದರು. ಒಮ್ಮೆ ನಾನು ನನ್ನ ಸಂಪಾದಕೀಯದಲ್ಲಿ, ಯಾರೋ ನ್ಯಾಯಮೂರ್ತಿಗಳು ಹೇಳಿದರೆಂದು, ಬಹಳ ಘನವಾದ ಒಂದು ವಾಕ್ಯ ಹಾಕಿದ್ದೆ. ಪ್ರೂಫು ಮರಳಿ ಬಂದಾಗ ಅಂಚಿನಲ್ಲಿ ‘ನೋಡಿದೆ. ಇಲ್ಲ’ ಎಂದಿತ್ತು. ಎರಡು ದಿನ ನಾನು ಅವರೊಂದಿಗೆ ಮಾತಾಡಲಿಲ್ಲ. ಅವರಿಗೆ ಅದು ಗೊತ್ತಾಗಲಿಲ್ಲ.

ಮನೆತನವೇ ಅಂಥದ್ದು. ಅವರ ಅಜ್ಜ ಗ್ರಂಥಗಳ ಪ್ರತಿ ಮಾಡುತ್ತಿದ್ದವರು. ಒಂದಕ್ಷರ ತಪ್ಪಿದರೆ ಗೀಚಿ ತಿದ್ದದೆ ಇಡೀ ಹಾಳೆಯನ್ನು ಮತ್ತೆ ಬರೆಯುತ್ತಿದ್ದರಂತೆ. ಮೊಮ್ಮಗನ ವಕೀಲಿಕೆಯೂ ಅದೇ ನಡಿಗೆಯದು. ಆಸ್ತಿ ಪಾಲಿನ ವಾಟ್ನಿ ದಾವೆ, ತಡೆಯಾಜ್ಞೆ, ನೋಟರಿ, ಇಷ್ಟೇ. ಗೆಲ್ಲುವುದಿಲ್ಲವೆನಿಸಿದ ಕೇಸನ್ನು ಹಿಡಿಯುತ್ತಿರಲಿಲ್ಲವಾದ್ದರಿಂದ ಕೇಸುಗಳೂ ಕಡಿಮೆ. ಮೀಟಿಂಗಿಗೆ ಬರುವಾಗ ಒಂದು ಕೈಯಲ್ಲಿ ಕಾಗದದ ಚೀಲ, ಇನ್ನೊಂದರಲ್ಲಿ ಚಹಾದ ಜೊತೆ ಮೆಲ್ಲಲು ಸವಣೂರ ಖಾರದ ಪೊಟ್ಟಣ. ನಾವು ಮೂವರು ಪತ್ರಿಕೆಯ ಭವಿಷ್ಯದ ಬಗ್ಗೆ ಮಾತಾಡುತ್ತ ಖಾರ ಮುಗಿಸುತ್ತಿದ್ದೆವು. ಅವರು ಪ್ರೂಫು ಮುಗಿಸುತ್ತಿದ್ದರು.

ಇನ್ನು ಏಳನೆಯ ನಿಯಮದ ಮಾತು. ಮೊದಲ ಮೀಟಿಂಗಿನಲ್ಲೇ ನಾನು ಹದಿನಾಲ್ಕು ನಿಯಮಗಳನ್ನು ಟೈಪು ಮಾಡಿಸಿ ತಂದಿದ್ದೆ. ಏಳನೆಯದು ಹೀಗಿತ್ತು: ‘ಮಂಡಳಿಯ ನಾಲ್ವರ ಸಣ್ಣ ಸಹಿ ಇಲ್ಲದೆ ಯಾವ ಹಾಳೆಯೂ ಅಚ್ಚಾಗತಕ್ಕದ್ದಲ್ಲ, ಸಹಿಯಾದ ಮೇಲೆ ಒಂದಕ್ಷರ ಬದಲಾದರೂ ನಾಲ್ವರೂ ಮತ್ತೆ ಸಹಿ ಹಾಕತಕ್ಕದ್ದು.’ ಇದನ್ನು ಓದಿ ಹೇಳುವಾಗ ನನಗೆ ಸಂವಿಧಾನ ಬರೆದಷ್ಟು ಸಂತೋಷವಾಗಿತ್ತು. ಒಮ್ಮೆ ಕರೀಮಸಾಬರು ಸಹಿಯಾದ ಹಾಳೆಯಲ್ಲಿ ಒಂದು ಅಲ್ಪವಿರಾಮ ಸೇರಿಸಿದ್ದಕ್ಕೆ, ಆ ಹಾಳೆಯನ್ನು ಮತ್ತೆ ನಾಲ್ಕು ತಾಲೂಕು ತಿರುಗಿಸಿದ್ದೆ. ಮುದುಕರು ಅದನ್ನು ಮರೆಯಲಿಲ್ಲ.

ಪ್ರೂಫು ಬಸ್ಸಿನಲ್ಲಿ ಓಡಾಡುತ್ತಿತ್ತು. ಶಿಗ್ಗಾವಿಯಲ್ಲಿ ಡ್ರೈವರನ ಕೈಗೆ ಕೊಟ್ಟರೆ ಸವಣೂರು; ರಾಯರು ಓದಿ ‘ಪ್ರ’ ಎಂದು ಸಹಿ ಹಾಕಿ ಹಾನಗಲ್ಲಿಗೆ; ಅಲ್ಲಿಂದ ಹಿರೇಕೆರೂರು; ಕಡೆಗೆ ನನ್ನ ಬಳಿ. ಹೇಳಿಕೊಳ್ಳಲು ನಾಚಿಕೆಯಾಗುವ ಮಾತೆಂದರೆ, ನಾಲ್ಕು ಸಹಿಯಲ್ಲಿ ಓದಿ ಹಾಕಿದ್ದು ಒಂದೇ. ಉಳಿದ ಮೂವರು ಆ ‘ಪ್ರ’ ಇದೆಯೇ ಎಂದು ನೋಡಿ ನಮ್ಮದನ್ನು ಹಾಕುತ್ತಿದ್ದೆವು. ನಾಲ್ವರು ಓದಿದ ಪತ್ರಿಕೆ ಎಂದು ಭಾಷಣಗಳಲ್ಲಿ ಹೇಳಿಕೊಳ್ಳುತ್ತಿದ್ದವನು ಮಾತ್ರ ನಾನು.

ಎರಡು ಸಾವಿರದ ಇಪ್ಪತ್ತರ ಆರಂಭದಲ್ಲಿ ನಾನೊಂದು ಲೇಖನ ಬರೆದೆ. ‘ತವರಿನ ಆಸ್ತಿ ಮತ್ತು ಮಗಳು: ಮಂಡಳಿಯ ಖಚಿತ ಅಭಿಪ್ರಾಯ’. ನನ್ನ ಹೆಸರು ಹಾಕಲಿಲ್ಲ. ವಿನಯದಿಂದಲ್ಲ, ರುದ್ರೇಶನೆಂಬ ನಾನೊಬ್ಬ ಹೇಳಿದ್ದಕ್ಕಿಂತ ಮಂಡಳಿ ಹೇಳಿತೆಂದರೆ ತೂಕ ಹೆಚ್ಚು ಎಂಬ ಲೆಕ್ಕದಿಂದ. ಅದರ ನಡುವೆ ಚೌಕಟ್ಟು ಹಾಕಿ ದಪ್ಪ ಅಕ್ಷರದಲ್ಲಿ, ಎರಡು ಸಾವಿರದ ಐದರಲ್ಲಿ ಹೊಸ ಕಾಯಿದೆ ಬರುವ ಮೊದಲೇ ತಂದೆ ತೀರಿಕೊಂಡಿದ್ದರೆ, ಹಿರಿಯರ ಆಸ್ತಿಯಲ್ಲಿ ಅಣ್ಣತಮ್ಮಂದಿರ ಸಮಕ್ಕೆ ಪಾಲು ಕೇಳುವ ಹಕ್ಕು ಮಗಳಿಗಿಲ್ಲ ಎಂದು ಬರೆದೆ. ಬರೆದಾಗ ಅದು ಸರಿಯಿತ್ತು. ಅಷ್ಟರಲ್ಲಿ ಕರೋನಾ ಬಂದು ಪ್ರೆಸ್ಸು ಮುಚ್ಚಿತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ತಂದೆ ಯಾವಾಗ ತೀರಿಕೊಂಡಿದ್ದರೂ ಮಗಳಿಗೆ ಮಗನ ಸಮಕ್ಕೆ ಪಾಲು ಉಂಟು ಎಂದು ಹೇಳಿತು. ಪೇಪರಿನಲ್ಲಿ ಓದಿದೆ. ಹತ್ತು ಜನರಿಗೆ ವಾಟ್ಸಾಪಿನಲ್ಲಿ ಕಳಿಸಿಯೂ ಕಳಿಸಿದೆ. ಸೆಪ್ಟೆಂಬರಿನಲ್ಲಿ ಪ್ರೆಸ್ಸು ತೆರೆದು ಲೇಖನದ ಪ್ರೂಫು ಬಂದಾಗ, ತಲೆಬರಹದ ಅಕ್ಷರ ಸಾಕಷ್ಟು ದೊಡ್ಡದಿದೆಯೇ ಎಂದು ಮಾತ್ರ ನೋಡಿದೆ.

ರಾಯರಿದ್ದಾರಲ್ಲ ಎಂಬ ಧೈರ್ಯ. ಆದರೆ ಆ ವಾರ ರಾಯರ ಹೆಂಡತಿ ತುಳಸಾಬಾಯಿಯವರನ್ನು ಉಸಿರಾಟದ ತೊಂದರೆಗೆ ಹುಬ್ಬಳ್ಳಿಯ ಆಸ್ಪತ್ರೆಗೆ ಹಾಕಿದ್ದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ರಾಯರು ಹೊರಗೆ ಕಟ್ಟೆಯ ಮೇಲೆ ಒಂಬತ್ತು ದಿನ ಕೂತಿದ್ದರು. ನಾನು ಪ್ರೂಫನ್ನು ಅಲ್ಲಿಗೇ ಕಳಿಸಿದೆ. ಪತ್ರಿಕೆ ಮೊದಲೇ ಆರು ತಿಂಗಳು ತಡವಾಗಿತ್ತು, ನಾಡೇ ದಾರಿ ಕಾಯುತ್ತಿದೆ ಎಂಬುದು ನನ್ನ ತಿಳಿವಳಿಕೆ. ರಾಯರು ತೊಡೆಯ ಮೇಲೆ ಇಟ್ಟುಕೊಂಡು, ಓದದೆ, ‘ಪ್ರ’ ಎಂದು ಹಾಕಿ ಕಳಿಸಿದರು. ಹನ್ನೆರಡು ವರ್ಷದಲ್ಲಿ ಅದೊಂದು ಸಲ. ತುಳಸಾಬಾಯಿಯವರು ಬದುಕಿ ಮನೆಗೆ ಬಂದರು. ಪತ್ರಿಕೆಯೂ ಹೊರಬಂತು. ನಾಲ್ಕೂ ತಾಲೂಕಿನ ಬಾಂಡ್ ಬರೆಯುವವರ ಟೇಬಲ್ಲಿಗೆಲ್ಲ ನಾನು ಬಿಟ್ಟಿ ಪ್ರತಿ ಹಂಚಿಸಿದೆ.

ಮೂರು ವರ್ಷ ಏನೂ ಆಗಲಿಲ್ಲ. ಅಂದರೆ, ನಮಗೆ ಏನೂ ಗೊತ್ತಾಗಲಿಲ್ಲ.

ಎರಡು ಸಾವಿರದ ಇಪ್ಪತ್ತಮೂರರ ಶ್ರಾವಣದಲ್ಲಿ ಐವತ್ತನೆಯ ಸಂಚಿಕೆಯ ತಯಾರಿ ನಡೆದಿತ್ತು. ಮಂಡಳಿಯ ಫೋಟೋ ಮುಖಪುಟಕ್ಕೆ ಬೇಕು, ಫೋಟೋದ ಹಿಂದೆ ಕಲೆ ಇರಬೇಕು ಎಂದು ನಾನು ಮೀಟಿಂಗನ್ನು ಗೊಟಗೋಡಿಯ ರಾಕ್ ಗಾರ್ಡನ್ನಿನಲ್ಲಿ ಇಟ್ಟೆ. ರೊಟ್ಟಿ ಬಡಿಯುವ, ಎಮ್ಮೆ ಹಿಂಡುವ ಶಿಲ್ಪಗಳ ಸಾಲಿನ ಪಕ್ಕ ನಾವು ನಾಲ್ವರು ಕರಿಕೋಟು ಹಾಕಿಕೊಂಡು ಉಸಿರು ಹಿಡಿದು ನಿಂತೆವು. ಅಲ್ಲಿ ಹಾಯ್ದು ಹೋಗುತ್ತಿದ್ದ ಹೆಣ್ಣುಮಗಳೊಬ್ಬಳು ನಮ್ಮನ್ನು ದಿಟ್ಟಿಸಿ, ಇವು ಹೊಸಾವು ಕಾಣ್ತಾವ ಎಂದು ಜೊತೆಯವಳಿಗೆ ಹೇಳಿದಳು. ಕರೀಮಸಾಬರು ನಕ್ಕು ಫೋಟೋ ಹಾಳಾಯಿತು.

ಚಹಾ ಕುಡಿಯಲು ಕೂತಾಗ ಶ್ವೇತಾ ಚೀಲದಿಂದ ಒಂದು ಹಳೆಯ ಸಂಚಿಕೆ ತೆಗೆದಳು. ಚೌಕಟ್ಟಿನ ಸುತ್ತ ಯಾರೋ ಬಾಲ್‌ಪೆನ್ನಿನಿಂದ ಗುಂಡಗೆ ಗೆರೆ ಎಳೆದಿದ್ದರು. ಅವಳು ಹೇಳಿದ್ದು ಇಷ್ಟು. ಹಂಸಭಾವಿಯ ಹುಡುಗಿ ಸಿದ್ದವ್ವನನ್ನು ಹತ್ತಿಮತ್ತೂರಿಗೆ ಕೊಟ್ಟಿದ್ದರು. ಈಗ ಐವತ್ತೆಂಟು ವಯಸ್ಸು, ಗಂಡನಿಲ್ಲ. ಅಪ್ಪ ತೀರಿಕೊಂಡಿದ್ದು ಎರಡು ಸಾವಿರದ ಐದಕ್ಕಿಂತ ಆರು ವರ್ಷ ಮೊದಲು. ಎರಡು ವರ್ಷದ ಹಿಂದೆ ತವರಿನಲ್ಲಿ ಹೊಲ ಹಂಚಿಕೊಳ್ಳುವಾಗ ಸಿದ್ದವ್ವ ತನಗೂ ಪಾಲು ಬರುತ್ತದೆ ಎಂದಿದ್ದಾಳೆ. ಹಿರಿಯರು ಕೂತಿದ್ದಾರೆ. ಅಣ್ಣ ಅಜ್ಜಪ್ಪ, ಹಿರೇಕೆರೂರಿನ ಬಾಂಡ್ ರೈಟರನ ಟೇಬಲ್ಲಿನಿಂದ ತಂದ ಕಂದೀಲನ್ನು ತೆಗೆದು ಎಲ್ಲರೆದುರು ಓದಿಸಿದ್ದಾನೆ. ವಕೀಲರ ಪುಸ್ತಕದಲ್ಲೇ ಅಚ್ಚಾಗಿದೆ, ಇವಳು ಕೇಳಿದ್ದು ಸುಳ್ಳು ಎಂದಿದ್ದಾನೆ. ಕೂತವರು ನಕ್ಕಿದ್ದಾರೆ. ಹಕ್ಕುಬಿಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, ಸೀರೆ ಕೊಟ್ಟು, ಉಡಿ ತುಂಬಿ ಬಸ್ಸು ಹತ್ತಿಸಿದ್ದಾರೆ. ಈಚೆಗೆ ಹತ್ತಿಮತ್ತೂರಿನಲ್ಲಿ ಪಕ್ಕದ ಮನೆಯವಳಿಗೆ ತವರಿನಿಂದ ಪಾಲು ಬಂತು. ಅವಳ ಅಪ್ಪನೂ ಯಾವಾಗಲೋ ಸತ್ತವನು. ಅವಳಿಗೆ ಸಿಕ್ಕಿದ್ದು ನನಗೇಕೆ ಇಲ್ಲ ಎಂದು ಕೇಳಿಕೊಂಡು ಸಿದ್ದವ್ವ ಪತ್ರ ನೋಂದಣಿಯಾದ ಹಿರೇಕೆರೂರಿಗೇ ಬಂದು, ಯಾರೋ ತೋರಿಸಿದ್ದರಿಂದ ಶ್ವೇತಾಳ ಆಫೀಸು ಹತ್ತಿದ್ದಾಳೆ.

ಕರೀಮಸಾಬರು ಬಟ್ಟಲು ಕೆಳಗಿಟ್ಟರು. ಪ್ರಹ್ಲಾದರಾಯರು ಸಂಚಿಕೆಯನ್ನು ತೆಗೆದುಕೊಂಡು ಚೌಕಟ್ಟನ್ನು ಓದಿದರು. ಆಮೇಲೆ ಕೆಳಗಿನ ಇರುವೆ ಅಕ್ಷರವನ್ನು ಓದಿದರು. ಆ ಲೇಖನದಲ್ಲಿ ಇದ್ದ ಒಂದೇ ಹೆಸರು ಅದು. ಅವರು ಪುಟದ ಮೂಲೆ ಮಡಚಿ, ಪೆನ್ಸಿಲು ತೆಗೆದು, ಮೂರು ವರ್ಷ ತಡವಾಗಿ, ಅಂಚಿನಲ್ಲಿ ‘ನೋಡಿದೆ’ ಎಂದು ಬರೆದರು.

ಈಗಲೂ ದಾವೆ ಹಾಕಬಹುದು, ಆ ಪತ್ರ ರದ್ದು ಮಾಡಿಸಲು ನೋಡಬಹುದು ಎಂದಳು ಶ್ವೇತಾ; ಆದರೆ ಸಿದ್ದವ್ವ ಒಪ್ಪುತ್ತಿಲ್ಲ. ನಾನು ಇದಕ್ಕೆ ಕಾಯಿದೆಯ ಗತಿ, ಕಾಲದ ಗತಿ ಎಂದೆಲ್ಲ ಏನೋ ಹೇಳಿದೆ. ಬರೆದವನು ನಾನು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಎತ್ತಿ ಆಡಲಿಲ್ಲ. ನಾನೂ ಆಡಲಿಲ್ಲ. ಚಹಾ ಆದ ಮೇಲೆ ಇನ್ನೊಂದು ಫೋಟೋ ತೆಗೆಸಿದೆವು. ಅದರಲ್ಲಿ ರಾಯರು ಕ್ಯಾಮರಾ ಬಿಟ್ಟು ಬೇರೆಲ್ಲೋ ನೋಡುತ್ತಿದ್ದಾರೆ.

ಮರುವಾರ ಅವರು ಒಬ್ಬರೇ ಬಸ್ಸಿನಲ್ಲಿ ಹತ್ತಿಮತ್ತೂರಿಗೆ ಹೋಗಿ ಬಂದರು. ಅಲ್ಲಿಂದ ನೇರ ಶಿಗ್ಗಾವಿಗೆ, ನನ್ನ ಆಫೀಸಿಗೆ. ಸಿದ್ದವ್ವನಿಗೆ ಹೊಲ ಬೇಡವಂತೆ. ಕೋರ್ಟು ಹತ್ತಿದರೆ ತವರಿನ ಹೊಸ್ತಿಲು ಹತ್ತುವುದಾಗುವುದಿಲ್ಲ ಎನ್ನುತ್ತಾಳಂತೆ. ಅವಳು ಕೇಳಿದ್ದು ಒಂದೇ. ಅದನ್ನು ರಾಯರು ಅವಳ ಮಾತಿನಲ್ಲೇ ಹೇಳಿದರು.

“ನಾ ಕೇಳಿದ್ದು ಸುಳ್ಳಲ್ಲ ಅಂತ ಅದ ಪುಸ್ತಕದಾಗ ಹಾಕ್ರಿ. ನಕ್ಕವರು ಓದ್ಲಿ.”

ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಇಟ್ಟರು. ದುಂಡಗಿನ ಅಕ್ಷರ, ಒಂದೂ ಚಿತ್ತುಕಾಟು ಇಲ್ಲ. ‘ತಿದ್ದುಪಡಿ. ಈ ಪತ್ರಿಕೆಯ ಮೂವತ್ತೆಂಟನೆಯ ಸಂಚಿಕೆಯ ಹನ್ನೊಂದನೆಯ ಪುಟದಲ್ಲಿ ಚೌಕಟ್ಟಿನೊಳಗೆ ಅಚ್ಚಾಗಿರುವ ಮಾತು ತಪ್ಪು. ತಂದೆ ಯಾವಾಗ ತೀರಿಕೊಂಡಿದ್ದರೂ ಹಿರಿಯರ ಆಸ್ತಿಯಲ್ಲಿ ಮಗಳಿಗೆ ಮಗನ ಸಮಕ್ಕೆ ಪಾಲು ಉಂಟು. ಹಾಗೆ ಕೇಳಿದವರು ಸರಿಯಾದದ್ದನ್ನೇ ಕೇಳಿದ್ದಾರೆ. ಆ ಪುಟವನ್ನು ಪರಿಶೀಲಿಸಿದವನು ನಾನು. ತಪ್ಪು ನನ್ನದು. ಪ್ರಹ್ಲಾದ, ಸವಣೂರು.’ ಕೆಳಗೆ ‘ಪ್ರ’ ಎಂಬ ಸಣ್ಣ ಸಹಿ. ಅದನ್ನು ಮೊದಲ ಪುಟದಲ್ಲಿ, ಚೌಕಟ್ಟು ಹಾಕಿ, ಆವತ್ತಿನಷ್ಟೇ ದಪ್ಪ ಅಕ್ಷರದಲ್ಲಿ ಹಾಕಬೇಕೆಂದರು.

ನಾನು ಹಾಳೆಯನ್ನು ಎರಡು ಸಲ ಓದಿದೆ. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ಸಿಟ್ಟು ಬಂತು, ಸಿಟ್ಟನ್ನು ರಾಯರ ಮೇಲೆ ಹಾಕಿದೆ. ಲೇಖನ ಬರೆದವರೊಬ್ಬರು ಇರುವಾಗ ನೀವೊಬ್ಬರೇ ಮೈಮೇಲೆ ಎಳೆದುಕೊಂಡರೆ ಜನ ಏನೆಂದಾರು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಬರದವರ ಹೆಸರು ಬರದವರ ಬರೀಬೇಕು, ರುದ್ರೇಶ ಅವರ. ಅದನ್ನ ನಾ ಬರೀಲಿಕ್ಕೆ ಬರೂದಿಲ್ಲ. ನಾ ನನ್ನ ಪಾಲಿಂದು ಬರದೀನಿ. ಕೆಳಗ ಜಾಗಾ ಅದ, ನೋಡ್ರಿ.”

ಜಾಗ ಇತ್ತು. ಅರ್ಧ ಹಾಳೆ ಖಾಲಿಯಿತ್ತು. ನಾನು ಚಹಾ ತರಿಸಿದೆ.

ಆಮೇಲೆ ನಾನು ಮಾಡಿದ್ದನ್ನು ವಕೀಲಿ ಭಾಷೆಯಲ್ಲಿ ಮುದ್ದತು ಕೇಳುವುದು ಎನ್ನುತ್ತಾರೆ. ಐವತ್ತನೆಯದು ವಿಶೇಷ ಸಂಚಿಕೆ, ದೊಡ್ಡವರು ಬಿಡುಗಡೆ ಮಾಡುತ್ತಾರೆ, ಮೊದಲ ಪುಟದಲ್ಲೇ ತಪ್ಪೊಪ್ಪಿಗೆ ಇದ್ದರೆ ಶೋಭಿಸುವುದಿಲ್ಲ, ಮುಂದಿನದರಲ್ಲಿ ಹಾಕೋಣ ಎಂದೆ. ರಾಯರು ಆಗಲಿ ಎಂದು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಸಹಿಯಾಗದ ಹಾಳೆಯನ್ನು ಬಿಟ್ಟು ಹೋಗುವುದು ಅವರ ಪದ್ಧತಿಯಲ್ಲ. ಆಮೇಲೆ ಅದನ್ನು ಹಾನಗಲ್ಲಿಗೂ ಹಿರೇಕೆರೂರಿಗೂ ಒಯ್ದು ಕರೀಮಸಾಬರ, ಶ್ವೇತಾಳ ಸಹಿ ಮಾಡಿಸಿಕೊಂಡರು. ಐವತ್ತನೆಯ ಸಂಚಿಕೆ ನವೆಂಬರಿನಲ್ಲಿ ಬಂತು. ಮುಖಪುಟದಲ್ಲಿ ನಾವು ನಾಲ್ವರು. ಬಿಡುಗಡೆಯ ದಿನ ಹಾರ, ಶಾಲು, ನನ್ನ ನಲವತ್ತು ನಿಮಿಷದ ಭಾಷಣ. ತಪ್ಪಿಲ್ಲದ ಐವತ್ತು ಸಂಚಿಕೆ ಎಂದು ನಾನು ಹೇಳಿದಾಗ ರಾಯರು ಎದುರಿನ ಸಾಲಿನಲ್ಲಿ ಕೂತು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು.

ಜನವರಿಯಲ್ಲಿ ಮತ್ತೆ ಬಂದರು. ಐವತ್ತೊಂದರ ಪುಟಗಳು ತುಂಬಿವೆ ಎಂದೆ. ತುಂಬಿದ್ದು ಬಿಡುಗಡೆ ಸಮಾರಂಭದ ಫೋಟೋಗಳಿಂದ. ಮೆಟ್ಟಿಲು ಹತ್ತಿ ಬಂದದ್ದಕ್ಕೆ ಅವರಿಗೆ ಏದುಸಿರು ಬರುತ್ತಿತ್ತು. ಸುಧಾರಿಸಿಕೊಳ್ಳಲು ಸ್ವಲ್ಪ ಹೊತ್ತು ಕೂತರು. ಹೋಗುವಾಗ, ಪಂಚಮಿಯೊಳಗೆ ಆದರೆ ಚಲೋ, ಆಕೆ ಪಂಚಮಿಗೆ ತವರಿಗೆ ಹೋಗುತ್ತಾಳೆ ಎಂದಷ್ಟೇ ಅಂದರು. ಪಂಚಮಿಗೆ ಇನ್ನೂ ಏಳು ತಿಂಗಳು ಇದೆಯಲ್ಲ ರಾಯರ ಎಂದು ನಾನು ನಕ್ಕೆ.

ಮಾರ್ಚಿನ ಒಂದು ಬೆಳಿಗ್ಗೆ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ತುಳಸಿಗೆ ನೀರು ಹಾಕುತ್ತಿದ್ದವರು ಅಲ್ಲೇ ಕಟ್ಟೆಗೆ ಒರಗಿ ಕೂತರು. ತುಳಸಾಬಾಯಿಯವರು ಒಳಗಿನಿಂದ ಎರಡು ಸಲ ಕರೆದರಂತೆ. ಮೂರನೆಯ ಸಲ ಕರೆಯಲು ಹೊರಗೆ ಬಂದರಂತೆ.

ಸವಣೂರಿನ ಮನೆಗೆ ನಾನು ಹೋಗಿದ್ದು ಹದಿನಾಲ್ಕನೆಯ ದಿನ. ಮೊದಲು ಹೋಗಲು ಧೈರ್ಯ ಬರಲಿಲ್ಲ. ಪಡಸಾಲೆಯಲ್ಲಿ ಅವರ ಕರಿಕೋಟು ಗೂಟಕ್ಕೆ ತೂಗುತ್ತಿತ್ತು. ಜೇಬಿನಿಂದ ಪೆನ್ಸಿಲಿನ ತುದಿ ಕಾಣುತ್ತಿತ್ತು. ತುಳಸಾಬಾಯಿಯವರು ನೀರು ಕೊಟ್ಟು, ಒಳಗೆ ಹೋಗಿ ಕಾಗದದ ಚೀಲ ತಂದರು. ಅದರಲ್ಲಿ ಒಂದೇ ಹಾಳೆಯಿತ್ತು. ಮಡಿಕೆಯ ಗೆರೆಗಳು ಹರಿಯುವ ಹಾಗಾಗಿದ್ದವು.

“ಒಂದು ಸಹಿ ಉಳಿದದ ಅಂತಿದ್ರು. ಯಾರದಂತ ಹೇಳ್ಲಿಲ್ಲ. ನೀವ ಹಾಕಿಸಿಬಿಡ್ರಿ.”

ಮೂರು ಸಹಿ ಇದ್ದವು. ನಾಲ್ಕನೆಯ ಜಾಗದಲ್ಲಿ ರಾಯರು ಪೆನ್ಸಿಲಿನಿಂದ ಒಂದು ಸಣ್ಣ ಚುಕ್ಕೆ ಇಟ್ಟಿದ್ದರು, ಇಲ್ಲಿ ಎಂದು ತೋರಿಸುವ ಹಾಗೆ. ಹೆಂಡತಿಗೂ ನನ್ನ ಹೆಸರು ಹೇಳಿರಲಿಲ್ಲ.

ಆವತ್ತು ಮನೆಗೆ ಬಂದು ನಾನು ಹೊಸ ಹಾಳೆಯೊಂದನ್ನು ಬರೆದೆ. ರಾಯರ ಮಾತುಗಳನ್ನೆಲ್ಲ ಹಾಗೇ ಇಟ್ಟು, ‘ತಪ್ಪು ನನ್ನದು’ ಎಂಬುದರ ಕೆಳಗೆ ನನ್ನ ಹೆಸರು ಹಾಕಿದೆ; ಲೇಖನ ಬರೆದವನು ನಾನು, ರಾಯರಲ್ಲ ಎಂದು ನಾಲ್ಕು ಸಾಲು ಸೇರಿಸಿದೆ. ಜೀವಮಾನದಲ್ಲಿ ನಾನು ಅಷ್ಟು ಸರಳವಾದ ಕನ್ನಡ ಬರೆದಿರಲಿಲ್ಲ. ಅದನ್ನು ಹಿಡಿದುಕೊಂಡು ಹಾನಗಲ್ಲಿಗೆ ಹೋದೆ. ಶ್ವೇತಾಳನ್ನೂ ಅಲ್ಲಿಗೇ ಕರೆಸಿದೆ. ಕರೀಮಸಾಬರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

“ಏಳನೇ ನಿಯಮ ಯಾರು ಬರದಿದ್ದು, ವಕೀಲ್ರ?”

ನಾನು ಎಂದೆ.

“ಒಂದಕ್ಷರ ಬದಲಾದ್ರ ನಾಲ್ಕೂ ಮಂದಿ ಮತ್ತ ಸಹಿ. ರಾಯರ ಸಹಿ ಎಲ್ಲಿಂದ ತರ್ತೀರಿ?”

ಶ್ವೇತಾ, ನಿಯಮ ಮುರಿದರಾಯಿತು ಸರ್ ಎಂದಳು. ಮುರಿಯಬಹುದು ಎಂದರು ಮುದುಕರು. ನಿಯಮ ನಾವು ಮಾಡಿದ್ದು, ನಾವೇ ಮುರಿಯಬಹುದು. ಆದರೆ ಸತ್ತ ಮನುಷ್ಯ ತನ್ನ ಕೈಯಾರೆ ಬರೆದು ಸಹಿ ಹಾಕಿದ ಮಾತನ್ನು ನಾವು ತಿದ್ದಿ, ಅವನ ಸಹಿಯನ್ನು ಹಾಗೇ ಉಳಿಸಿಕೊಂಡು ಅಚ್ಚು ಹಾಕಿದರೆ, ಅದಕ್ಕೆ ಐಪಿಸಿಯಲ್ಲಿ ಬೇರೆಯೇ ಹೆಸರಿದೆ. ಹಾಗಾದರೆ ನನ್ನದನ್ನು ಪ್ರತ್ಯೇಕವಾಗಿ ಅದರ ಕೆಳಗೆ ಹಾಕೋಣ ಎಂದೆ. ಅದಕ್ಕೂ ಸವಣೂರಿನವರೊಬ್ಬರ ಸಹಿ ಬೇಕು, ಒಂದು ಅಲ್ಪವಿರಾಮಕ್ಕೆ ನಾಲ್ಕು ತಾಲೂಕು ತಿರುಗಿಸಿದವರು ನಿಮ್ಮ ಹೆಸರಿಗಾಗಿ ನಿಯಮ ಮುರಿಯುತ್ತೀರೇನು ಎಂದರು ಮುದುಕರು. ಸವಣೂರಿನಲ್ಲಿ ಆ ಕುರ್ಚಿಗೆ ಯಾರೂ ಬರಲೊಲ್ಲರು ಎಂದು ನನಗೂ ಗೊತ್ತಿತ್ತು. ಇಬ್ಬರನ್ನು ಕೇಳಿ ನೋಡಿದ್ದೆ. ರಾಯರು ಓದುತ್ತಿದ್ದ ಹಾಗೆ ಓದಬೇಕಾಗುತ್ತದೆ, ನಮ್ಮಿಂದಾಗದು ಎಂದಿದ್ದರು.

“ಇಷ್ಟ ದಿವಸ ಅರ್ಧಾ ಹಾಳಿ ನಿಮ್ಮ ಸಲುವಾಗಿ ಖಾಲಿ ಇತ್ತಲ್ರಿ,” ಎಂದರು ಕರೀಮಸಾಬರು. ಗದರಿಸಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು.

ಶ್ವೇತಾ ಪೆನ್ನು ತೆಗೆದು ನನ್ನ ಮುಂದೆ ಇಟ್ಟಳು. ಎರಡರಲ್ಲಿ ಅಚ್ಚಿಗೆ ಹೋಗಬಲ್ಲ ಹಾಳೆ ಒಂದೇ, ರಾಯರದು. ನಾಲ್ಕನೆಯ ಸಹಿಯನ್ನು ನಾನು ಆ ಚುಕ್ಕೆಯ ಮೇಲೆ ಹಾಕಿದೆ.

ಉಳಿದ ಹಾಳೆಗಳಿಗೆ ರಾಯರು ಮೊದಲೇ ‘ಪ್ರ’ ಹಾಕಿಟ್ಟಿದ್ದರಿಂದ ಐವತ್ತೆರಡನೆಯ ಸಂಚಿಕೆ ಜೂನಿನಲ್ಲಿ ಬಂತು. ಅದೇ ಕೊನೆಯದು. ಮೊದಲ ಪುಟದಲ್ಲಿ ಚೌಕಟ್ಟು, ದಪ್ಪ ಅಕ್ಷರ, ‘ತಪ್ಪು ನನ್ನದು. ಪ್ರಹ್ಲಾದ, ಸವಣೂರು.’ ಹನ್ನೆರಡು ವರ್ಷದಲ್ಲಿ ರಾಯರ ಹೆಸರು ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಾಗಿ ಬಂದದ್ದು ಅದೊಂದೇ ಸಲ. ನಾಲ್ಕು ತಾಲೂಕಿನ ವಕೀಲರು ಓದಿದರು. ಯಾವ ಸಂಚಿಕೆಯನ್ನೂ ಓದದವರು ಅದನ್ನು ಓದಿದರು. ಅಷ್ಟು ಜೋಪಾನದ ಮನುಷ್ಯನೂ ಹೀಗೆ ಮಾಡಿದನಲ್ಲ ಎಂದು ಬಾರ್ ರೂಮಿನಲ್ಲಿ ಮಾತಾಡಿಕೊಂಡರು. ನಾನು ಒಬ್ಬೊಬ್ಬರಿಗೂ ಹೇಳಿದೆ, ಬರೆದವನು ನಾನು ಎಂದು. ಗೆಳೆಯನ ಮೇಲೆ ಎಂಥ ಪ್ರೀತಿ ಎಂದು ಅವರು ನನ್ನ ಬೆನ್ನು ತಟ್ಟಿದರು.

ಶ್ವೇತಾಳೂ ನಾನೂ ಸಂಚಿಕೆ ತೆಗೆದುಕೊಂಡು ಹತ್ತಿಮತ್ತೂರಿಗೆ ಹೋದೆವು. ಸಿದ್ದವ್ವ ಅಂಗಳದಲ್ಲಿ ಶೇಂಗಾ ಬೀಜ ಆರಿಸುತ್ತಿದ್ದಳು. ಎತ್ತರದ, ಗಟ್ಟಿ ಎಲುಬಿನ ಹೆಂಗಸು. ಕಂಬಳಿ ಹಾಸಿ ಕೂಡಿಸಿದಳು. ಶ್ವೇತಾ ತಿದ್ದುಪಡಿಯನ್ನು ಓದಿದಳು. ‘ಮಗಳಿಗೆ ಮಗನ ಸಮಕ್ಕೆ ಪಾಲು ಉಂಟು’ ಎಂಬಲ್ಲಿಗೆ ಬಂದಾಗ ಸಿದ್ದವ್ವ ಕೈ ಎತ್ತಿ ನಿಲ್ಲಿಸಿ, ಇನ್ನೊಮ್ಮೆ ಓದಿಸಿದಳು. ‘ಹಾಗೆ ಕೇಳಿದವರು ಸರಿಯಾದದ್ದನ್ನೇ ಕೇಳಿದ್ದಾರೆ’ ಎಂಬುದನ್ನು ಮೂರು ಸಲ. ಆ ಮಾತು ಪುಟದಲ್ಲಿ ಎಲ್ಲಿದೆ ಎಂದು ಕೇಳಿ, ಶ್ವೇತಾ ತೋರಿಸಿದ ಕಡೆ ಬೆರಳಿಟ್ಟು ಸವರಿದಳು. ಪಂಚಮಿಗೆ ಒಯ್ಯುತ್ತೇನೆ ಎಂದಳು. ಇದನ್ನು ಬರೆದ ಸವಣೂರಿನವರು ಯಾಕೆ ಬರಲಿಲ್ಲ ಎಂದಳು. ಹೇಳಿದೆವು. ಸೆರಗನ್ನು ಬಾಯಿಗೆ ಇಟ್ಟುಕೊಂಡಳು.

ಆಗ ನಾನು ಹೇಳಿದೆ. ಈ ತಪ್ಪು ಅವರದಲ್ಲವ್ವ, ನನ್ನದು. ಆವತ್ತು ನಿಮ್ಮ ಅಣ್ಣ ಓದಿಸಿದ ಮಾತನ್ನು ಬರೆದವನು ನಾನು. ರಾಯರು ಹೆಂಡತಿ ಆಸ್ಪತ್ರೆಯಲ್ಲಿದ್ದುದಕ್ಕೆ ಓದದೆ ಸಹಿ ಹಾಕಿದರು, ಅಷ್ಟೇ ಅವರು ಮಾಡಿದ್ದು ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಸಿದ್ದವ್ವ ಕೇಳಿಸಿಕೊಂಡಳು. ಪುಟವನ್ನು ಶ್ವೇತಾಳ ಮುಂದೆ ಹಿಡಿದು, ಇದರಲ್ಲಿ ಇವರ ಹೆಸರು ಇದೆಯೇ ಎಂದು ಕೇಳಿದಳು. ಶ್ವೇತಾ ನನ್ನ ಮುಖ ನೋಡಿ, ಇಲ್ಲ ಎಂದಳು.

“ಅಚ್ಚಿನ್ಯಾಗ ಹಂಗಿಲ್ಲಲ್ರೀ ಯಪ್ಪಾ,” ಎಂದಳು ಸಿದ್ದವ್ವ. “ಅವತ್ತ ಅವರೂ ಇಲ್ಲೇ ಕುಂತು, ತಪ್ಪು ನಂದು ಅಂತ ಹೇಳಿ ಹೋದ್ರು. ಸತ್ತವರ ತಪ್ಪು ನೀವ್ಯಾಕ ಹೊತ್ಕೋತೀರಿ. ದೊಡ್ಡ ಮನಸ್ಸಿನವರು ನೀವು.”

ನಾನು ಮತ್ತೆ ಹೇಳಲು ಬಾಯಿ ತೆರೆದೆ. ಅವಳು ಅಷ್ಟರಲ್ಲಿ ಪತ್ರಿಕೆಯನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಒಳಗೆ ಹೋಗಿ ಟ್ರಂಕಿನಲ್ಲಿಟ್ಟು ಬಂದಳು. ನಮಗಿಬ್ಬರಿಗೂ ಒಂದೊಂದು ಬೊಗಸೆ ಶೇಂಗಾ ಕಟ್ಟಿಕೊಟ್ಟಳು. ನನ್ನದು ಸ್ವಲ್ಪ ಹೆಚ್ಚೇ ಇತ್ತು.